ಕಡಿಮೆ ಬಿದ್ದ ನಾನೂರು ಅಡಿ

ಅಕ್ಕನಿಗೆ ಫೋನು ಮಾಡಿ, ಇವತ್ತು ಒಂದು ದಿನ ನನ್ನನ್ನು ಸಾರ್ ಎಂದು ಕರೆ, ಯಾರಾದರೂ ಕೇಳಿದರೆ ನಾನು ಯಾರೋ ಬಿಲ್ಡಿಂಗಿನವನು ಅಷ್ಟೇ, ಎಂದು ಹೇಳಿ ಮುಗಿಸಿದ ಮೇಲೆ ಅವನು ಆಫೀಸಿನ ಮೆಟ್ಟಿಲ ತಿರುವಿನಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕದಲ್ಲಿ, ಸ್ವಲ್ಪ ಹೊತ್ತು ಹಾಗೇ ನಿಂತುಬಿಟ್ಟ. ಅಕ್ಕ ಏನೂ ಕೇಳಲಿಲ್ಲ. ಯಾಕೆ, ಏನು, ಎಂಥದು ನಿನ್ನ ಗೋಳು ಎಂದು ಒಂದು ಸಲ ಬೈದಿದ್ದರೂ ಮನಸ್ಸಿಗೆ ಅಷ್ಟರಮಟ್ಟಿಗೆ ಸಮಾಧಾನವಾಗುತ್ತಿತ್ತು. ಆಚೆ ಕಡೆ ಹೊಲಿಗೆ ಮಷೀನಿನ ಸದ್ದು ನಿಂತಿತು, ದೊರೆ ಅನ್ನೋದಕ್ಕೂ ಸಾರ್ ಅನ್ನೋದಕ್ಕೂ ಏನು ಮಹಾ ವ್ಯತ್ಯಾಸ, ಆಗಲಿ ಬಿಡು ಎಂದು ನಕ್ಕಳು, ಮಷೀನು ಮತ್ತೆ ಶುರುವಾಯಿತು. ದೊರೆ ಎನ್ನುವುದು ಮನೆಯಲ್ಲಿ ಅವನಿಗಿದ್ದ ಅಡ್ಡಹೆಸರು. ಹೇಳಿದ ಒಂದು ಕೆಲಸವನ್ನೂ ಮಾಡದೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂರುತ್ತಿದ್ದ ಹುಡುಗನಿಗೆ ಅಕ್ಕ ಕೊಟ್ಟ ಬಿರುದು ಅದು. ಈಗ ನಲವತ್ತೆಂಟು ತುಂಬಿ, ತಲೆಯ ಮುಂಭಾಗ ಬಯಲಾಗಿ, ಮಗಳು ಕಾಲೇಜು ಸೇರಿದ ಮೇಲೂ ಅಕ್ಕನ ಬಾಯಲ್ಲಿ ಅವನು ದೊರೆಯೇ. ಕೆಳಗೆ ಬ್ಯಾಂಕಿನ ಮೇಡಂ ಕಾರಿನಲ್ಲಿ ಕೂತು ಕಾಯುತ್ತಿದ್ದರು.

ಬೆಳಿಗ್ಗೆ ಅವರು ಯಾವ ಸೂಚನೆಯೂ ಕೊಡದೆ ಆಫೀಸಿಗೆ ಬಂದು, ಕೈಚೀಲವನ್ನು ಮೇಜಿನ ಮೇಲಿಡದೆ ತೊಡೆಯ ಮೇಲಿಟ್ಟುಕೊಂಡು, ಮೂರು ಜನ ಬಾಡಿಗೆದಾರರನ್ನು ಇವತ್ತೇ ನೋಡಬೇಕು ಎಂದಿದ್ದರು. ಅವನು ಹಣಕಾಸು ನೋಡಿಕೊಳ್ಳುತ್ತಿದ್ದ ಕಂಪನಿ ಏಳು ಮಹಡಿಯ ವಾಣಿಜ್ಯ ಸಂಕೀರ್ಣವೊಂದನ್ನು ಕಟ್ಟುತ್ತಿತ್ತು. ಜಾಗ ಯಜಮಾನರದ್ದು, ದುಡ್ಡು ಬ್ಯಾಂಕಿನದು, ಎರಡರ ನಡುವೆ ಸವೆಯುವ ಚಪ್ಪಲಿ ಇವನದು. ನಾಲ್ಕು ಮಹಡಿ ಎದ್ದಿದ್ದವು. ಐದನೆಯದಕ್ಕೆ ಸಾಲದ ಮೂರನೆಯ ಕಂತು ಬರಬೇಕು, ಆ ಕಂತು ಬರಬೇಕಾದರೆ ಕಟ್ಟಡದ ನೂರಕ್ಕೆ ನಲವತ್ತು ಭಾಗ ಜಾಗವನ್ನು, ಕಟ್ಟಿ ಮುಗಿದ ಮೇಲೆ ನಾವು ಬಾಡಿಗೆಗೆ ಹಿಡಿಯುತ್ತೇವೆ ಎಂದು ಜನ ಬರೆದುಕೊಟ್ಟಿರಬೇಕು. ಬ್ಯಾಂಕಿನ ಷರತ್ತು ಅದು. ಅರವತ್ತು ಸಾವಿರ ಚದರ ಅಡಿಯಲ್ಲಿ ಇಪ್ಪತ್ತನಾಲ್ಕು ಸಾವಿರ. ಪೀಠೋಪಕರಣದ ಅಂಗಡಿಯವರು, ವ್ಯಾಯಾಮಶಾಲೆಯವರು, ಹಲ್ಲಿನ ಡಾಕ್ಟರು, ಇನ್ನೂ ಹತ್ತು ಹನ್ನೆರಡು ಜನರನ್ನು ಕಾಡಿ ಬೇಡಿ ಅವನು ಇಪ್ಪತ್ತಮೂರು ಸಾವಿರದ ಆರುನೂರರ ತನಕ ತಂದು ನಿಲ್ಲಿಸಿದ್ದ. ನಾನೂರು ಅಡಿ ಕಡಿಮೆ ಬಿತ್ತು. ಶುಕ್ರವಾರದೊಳಗೆ ತುಂಬಿಸದಿದ್ದರೆ ನಿನ್ನ ಮುಖ ತೋರಿಸಬೇಡ ಎಂದು ಯಜಮಾನರು ಎಲ್ಲರೆದುರಿಗೆ, ಕಾಫಿ ಲೋಟ ತೆಗೆದುಕೊಂಡು ಹೋಗಲು ಬಂದವನ ಎದುರಿಗೂ, ಹೇಳಿದ್ದರು. ಅವತ್ತು ಅವನಿಗೆ ಎರಡು ಸಂಗತಿ ಒಟ್ಟಿಗೆ ಹೊಳೆದವು. ನೆಲಮಹಡಿಯಲ್ಲಿ ಮೆಟ್ಟಿಲ ಕೆಳಗೆ, ಪಂಪಿನ ಕೋಣೆಯ ಪಕ್ಕ, ಯಾರೂ ಮೂಸಿಯೂ ನೋಡದ ಒಂದು ಮೂಲೆ ಸರಿಯಾಗಿ ನಾನೂರು ಅಡಿ ಇತ್ತು. ಮತ್ತೆ, ನಿಮ್ಮ ಅಷ್ಟು ದೊಡ್ಡ ಬಿಲ್ಡಿಂಗಲ್ಲಿ ನನಗೊಂದು ಮೂಲೆ ಇಲ್ವೇನೋ ಎಂದು ಅಕ್ಕ ಯಾವಾಗಲೋ ಕೇಳಿದ್ದಳು. ತಮಾಷೆಗೆ ಕೇಳಿದ್ದಳು ಎಂದು ಅವನು ಅಂದುಕೊಂಡಿದ್ದ.

ಲೆಕ್ಕ ಸರಿಯಾಗಿ ನಲವತ್ತಕ್ಕೆ ಬಂದು ನಿಂತಾಗ ಅವನಿಗೆ ಹೆಮ್ಮೆಯೇ ಆಗಿತ್ತು. ಎಂಥ ಪೆದ್ದ! ಕೆಳಗೆ ಎರಡು ಗೆರೆ ಎಳೆದು, ನಲವತ್ತು ಬಿಂದು ಸೊನ್ನೆ ಸೊನ್ನೆ ಎಂದು ಬರೆದು, ಆ ಹಾಳೆಯನ್ನು ಕಡತದ ಮೇಲ್ಭಾಗಕ್ಕೇ ಇಟ್ಟಿದ್ದ. ಮೇಡಂ ಇವತ್ತು ಮೊದಲು ಬೆರಳಿಟ್ಟಿದ್ದು ಅಲ್ಲಿಗೇ. ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಮೂವತ್ತೆಂಟು ಮುಕ್ಕಾಲು ನೋಡಿದೀನಿ, ನಲವತ್ತೊಂದು ಕಾಲು ನೋಡಿದೀನಿ, ಕೇಳಿದ್ದು ನಲವತ್ತು ಅಂದರೆ ಬಂದಿದ್ದೂ ನಲವತ್ತೇ ಅನ್ನೋದನ್ನ ಇವತ್ತೇ ನೋಡಿದ್ದು ಎಂದು ಅವರು ಸಿಟ್ಟಿಲ್ಲದೆ, ನಗುವೂ ಇಲ್ಲದೆ ಹೇಳಿ, ಪಟ್ಟಿಯ ಕಟ್ಟಕಡೆಗೆ ಸೇರಿದ ಹೆಸರು ಯಾವುದು ಎಂದು ಕೇಳಿದ್ದರು. ಹೊಲಿಗೆ ಅಂಗಡಿ ಎಂದು ಅವನು ಹೇಳಿದ. ಅಕ್ಕನ ಹೆಸರಿನ ಮುಂದೆ ಭಾವನ ಮನೆಯ ಇನಿಷಿಯಲ್ಲುಗಳಿದ್ದುದರಿಂದ ಅಷ್ಟರಮಟ್ಟಿಗೆ ಬಚಾವಾಗಿದ್ದ.

ನಾನೂರು ಅಡಿಯ ಸುಳ್ಳು ದೊಡ್ಡದಲ್ಲ, ಎಲ್ಲ ಕಂಪನಿಯವರೂ ಪರಿಚಯದವರ ಹತ್ತಿರ ಇಂಥ ಪತ್ರ ಬರೆಸಿಕೊಳ್ಳುತ್ತಾರೆ, ಕಟ್ಟಡ ಎದ್ದ ಮೇಲೆ ಯಾರು ಬಂದರು ಯಾರು ಬಿಟ್ಟರು ಎಂದು ಯಾರೂ ಕೇಳುವುದಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಅದಲ್ಲ ಅವನನ್ನು ಕೊರೆಯುತ್ತಿದ್ದುದು. ಪತ್ರದ ಕೊನೆಯಲ್ಲಿ, ಸಹಿ ಮಾಡುವ ಜಾಗಕ್ಕಿಂತ ಸ್ವಲ್ಪ ಮೇಲೆ, ಬ್ಯಾಂಕಿನವರು ಅಚ್ಚು ಹಾಕಿಸಿದ ಒಂದು ಸಾಲಿತ್ತು. ಸದರಿ ಸಂಸ್ಥೆಯ ಮಾಲೀಕರಿಗಾಗಲೀ ನೌಕರರಿಗಾಗಲೀ ನನಗೂ ಯಾವುದೇ ವಿಧವಾದ ಸಂಬಂಧ ಇರುವುದಿಲ್ಲ. ಅಕ್ಕ ಅದಕ್ಕೆ ಸಹಿ ಹಾಕಿದಾಗ ಅಂಗಡಿಯಲ್ಲಿ ಗಿರಾಕಿ ಇದ್ದರು, ಅವಳ ಕೈಯಲ್ಲಿ ಕತ್ತರಿ ಇತ್ತು, ಎಲ್ಲಿ ಹಾಕ್ಲೋ ಎಂದಾಗ ಅವನು ಬೆರಳಿಟ್ಟು ತೋರಿಸಿದ್ದ. ತೋರಿಸುವಾಗ ಅವನ ಅಂಗೈ ಆ ಸಾಲಿನ ಮೇಲೇ ಇತ್ತು. ಬೇಕೆಂದೇ ಇಟ್ಟೆನೋ, ಇಟ್ಟಿದ್ದು ಹಾಗೆ ಬಂತೋ ಎಂದು ಒಂದು ತಿಂಗಳಿಂದ ಅವನು ಹಾಸಿಗೆಯಲ್ಲಿ, ಸ್ನಾನದ ಮನೆಯಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿಕೊಂಡು, ಪ್ರತಿಸಲವೂ ತನ್ನ ಪರವಾಗಿಯೇ ತೀರ್ಪು ಕೊಟ್ಟುಕೊಂಡಿದ್ದ. ಆದರೂ ಊಟಕ್ಕೆ ಕೂತಾಗ ಒಂದೊಂದು ಸಲ ತನ್ನ ಬಲಗೈಯನ್ನು ನೋಡಿಕೊಂಡು, ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೈ ತೊಳೆಯಲು ಏಳುತ್ತಿದ್ದ.

ಪೀಠೋಪಕರಣದ ಅಂಗಡಿಯಲ್ಲಿ ಏನೂ ತೊಂದರೆಯಾಗಲಿಲ್ಲ. ಅವರು ನಿಜವಾಗಿಯೂ ಬರುವವರು, ಆಗಲೇ ಮುಂಗಡವನ್ನೂ ಕೊಟ್ಟವರು. ಯಾವಾಗ ಮುಗಿಸ್ತೀರಿ ಎಂದು ತಿರುಗಿ ಅವನನ್ನೇ ತರಾಟೆಗೆ ತೆಗೆದುಕೊಂಡರು, ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಹಲ್ಲಿನ ಡಾಕ್ಟರು ಯಜಮಾನರ ಸ್ನೇಹಿತರು. ಇದ್ದ ಜಾಗದಲ್ಲೇ ಆರಾಮವಾಗಿದ್ದು, ಎಲ್ಲಿಗೂ ಹೋಗುವ ಯೋಚನೆ ಇಲ್ಲದವರು. ಆದರೆ ಏನು ಬಾಯಿ ಅಂತೀರಿ! ಮೂರು ಕುರ್ಚಿ ಹಾಕ್ತೀವಿ, ಮಕ್ಕಳಿಗೆ ಬೇರೆ ವಿಭಾಗ ಮಾಡ್ತೀವಿ, ಗೋಡೆಗೆ ತಿಳಿನೀಲಿ ಬಣ್ಣ ಎಂದು ಒಂದು ಆಸ್ಪತ್ರೆಯನ್ನೇ ಗಾಳಿಯಲ್ಲಿ ಕಟ್ಟಿ ನಿಲ್ಲಿಸಿದರು. ಮೇಡಂ ಎಲ್ಲವನ್ನೂ ಬರೆದುಕೊಂಡು, ಕುರ್ಚಿಗಳಿಗೆ ನೀರಿನ ಪೈಪು ಯಾವ ಕಡೆಯಿಂದ ಬರುತ್ತೆ ಎಂದು ಕೇಳಿದರು. ಯಾವ ಕಡೆಯಿಂದಾದರೂ ಬರಲಿ ಬಿಡಿ ಎಂದು ಡಾಕ್ಟರು ಬೆಳ್ಳಗೆ ನಕ್ಕರು. ಮೇಡಂ ಅದನ್ನೂ ಬರೆದುಕೊಂಡರು. ಕಾರು ಹತ್ತುವಾಗ ಅವನಿಗೆ ಡಾಕ್ಟರ ಮೇಲೆ ಹೊಟ್ಟೆಕಿಚ್ಚಾಯಿತು. ಸುಳ್ಳು ಹೇಳುವುದಕ್ಕೂ ಒಂದು ಆರೋಗ್ಯ ಬೇಕು. ಇವನದು ಹೇಳುವ ಮೊದಲೇ ಕಿವಿ ಕೆಂಪಾಗುವ ಜಾತಿ.

ಕಾರು ಬಸ್ಸುಗಳ ಹಿಂದೆ ಸಿಕ್ಕಿಹಾಕಿಕೊಂಡು ನಿಂತಿತು. ಮೇಡಂ ಕಿಟಕಿಯಾಚೆ ನೋಡುತ್ತಿದ್ದರು. ಅವನಿಗೆ ಗುಂಡಿ ಎಡಗಡೆಗಿದ್ದ ಹಳೆಯ ಅಂಗಿಯೊಂದು ನೆನಪಾಯಿತು. ಆರನೇ ತರಗತಿ, ಬಿಳಿ ಅಂಗಿ, ಅಕ್ಕ ಆಗಷ್ಟೇ ಹೊಲಿಗೆ ಕಲಿಯುತ್ತಿದ್ದಳು, ಹೆಂಗಸರ ಬಟ್ಟೆಯನ್ನು ಮಾತ್ರ ಕಲಿತಿದ್ದಳು, ಹಾಗಾಗಿ ತಮ್ಮನ ಮೊದಲ ಅಂಗಿಗೂ ಹೆಂಗಸರ ಅಂಗಿಯ ಹಾಗೆ ಗುಂಡಿಯನ್ನು ತಪ್ಪು ಪಕ್ಕಕ್ಕೆ ಹಾಕಿಬಿಟ್ಟಿದ್ದಳು. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಶಾಲೆಯ ಹುಡುಗರಿಗೆ ಎರಡೇ ನಿಮಿಷದಲ್ಲಿ ಗೊತ್ತಾಯಿತು. ಹುಡುಗಿ ಅಂಗಿ, ಹುಡುಗಿ ಅಂಗಿ ಎಂದು ಸುತ್ತ ಕುಣಿದರು, ಯಾರೋ ಹೊಲಿದಿದ್ದು ಎಂದು ಕೇಳಿದರು. ಯಾರೋ ಟೈಲರು, ಕುಡುಕ ನನ್ಮಗ ಎಂದು ಅವನು ಹೇಳಿದ್ದ. ಆ ಸಂಜೆ ಅಂಗಿ ಹೇಗಿತ್ತೋ ಎಂದು ಅಕ್ಕ ಕೇಳಿದಾಗ ಚೆನ್ನಾಗಿತ್ತು ಎಂದಿದ್ದ. ಚೆನ್ನಾಗಿತ್ತಲ್ಲವಾ ಎಂದು ಅವಳು ಇನ್ನೊಂದನ್ನೂ ಹಾಗೆಯೇ ಹೊಲಿದುಕೊಟ್ಟಳು. ಇಡೀ ವರ್ಷ ಅವನು ಆ ಎರಡು ಅಂಗಿಯನ್ನು ಹಾಕಿಕೊಂಡು ಓಡಾಡಿದ್ದ, ಇಡೀ ವರ್ಷ ಆ ಕುಡುಕ ಟೈಲರನ್ನು ಬೈದಿದ್ದ, ಕೊನೆಗೆ ಅವನಿಗೊಂದು ಮೀಸೆ, ಒಂದು ಕುಂಟು ಕಾಲನ್ನೂ ಕೊಟ್ಟಿದ್ದ. ಹೊಲಿಗೆ ಅಂಗಡಿ ಯಾವ ಕಡೆ ಎಂದು ಮೇಡಂ ಕಿಟಕಿಯಿಂದ ತಿರುಗಿ ಕೇಳಿದರು. ಎಡಕ್ಕೆ ಎಂದು ಬಾಯಿಗೆ ಬಂದಿತ್ತು. ಆ ಏರಿಯಾ ನನಗೆ ಅಷ್ಟಾಗಿ ಗೊತ್ತಿಲ್ಲ, ಯಾರನ್ನಾದರೂ ಕೇಳೋಣ ಎಂದ. ಹದಿನೇಳು ವರ್ಷದಿಂದ ಕಣ್ಣುಮುಚ್ಚಿಕೊಂಡು ಬಂದು ಹೋಗುತ್ತಿದ್ದ ಬೀದಿಯಲ್ಲಿ ಕಾರು ನಿಲ್ಲಿಸಿ, ಬೀಗ ರಿಪೇರಿಯವನನ್ನು ಹೊಲಿಗೆ ಅಂಗಡಿ ಎಲ್ಲಿ ಎಂದು ಕೇಳಿದ. ಬೀಗದವನು ಅವನನ್ನೇ ಒಂದು ಕ್ಷಣ ನೋಡಿ, ನಿಮಗೆ ಹುಷಾರಿಲ್ವಾ ಎಂದ.

ಅಕ್ಕನ ಅಂಗಡಿ ಎಂದರೆ ಎರಡು ಮಷೀನು, ಒಂದು ಉದ್ದನೆಯ ಮೇಜು, ಹಿಂದೆ ಪರದೆ ಕಟ್ಟಿದ ಒಂದು ಸಂದು. ಸಂದಿನೊಳಗೆ ಕನ್ನಡಿ. ಶಾಲೆಯ ಸಮವಸ್ತ್ರಗಳ ರಾಶಿ ಮೇಜಿನ ಮೇಲೆ, ಆಲ್ಟರೇಶನ್‌ಗೆ ಬಂದ ಪ್ಯಾಂಟುಗಳು ಗೋಡೆಯ ಮೊಳೆಗಳ ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದವು. ಅಕ್ಕ ಎದ್ದು ನಿಂತಳು. ಬಾಯಲ್ಲಿ ಗುಂಡುಪಿನ್ನು ಇಟ್ಟುಕೊಂಡಿದ್ದಳು, ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಬನ್ನಿ ಮೇಡಂ, ಬನ್ನಿ ಸಾರ್ ಎಂದಳು. ಒಳಗೆ ಒಂದೇ ಒಂದು ಕುರ್ಚಿ, ಅದನ್ನು ಮೇಡಂಗೆ ಕೊಟ್ಟು, ತಾನು ಕೂರುವ ಸ್ಟೂಲನ್ನು ಸೆರಗಿನಿಂದ ಒರೆಸಿ ಅವನ ಮುಂದೆ ಇಟ್ಟಳು. ಕೂತ್ಕೊಳ್ಳಿ ಸಾರ್. ಅವನ ಜೀವ ಹಿಡಿಯಷ್ಟಾಯಿತು. ಅಕ್ಕ ತನಗಾಗಿ ಸ್ಟೂಲು ಒರೆಸುವುದು! ಇಷ್ಟು ವರ್ಷ ಅವನು ಒಳಗೆ ಬಂದರೆ ಅವಳು ಕತ್ತು ಎತ್ತುತ್ತಲೂ ಇರಲಿಲ್ಲ, ಆ ರಾಶಿ ಸರಿಸಿ ಕೂತ್ಕೊ ಎನ್ನುತ್ತಿದ್ದಳು, ಇಲ್ಲದಿದ್ದರೆ ನಿಂತುಕೊ ಎನ್ನುತ್ತಿದ್ದಳು. ಅವನು ಕೂರಲಿಲ್ಲ. ಪರವಾಗಿಲ್ಲ ಎಂದು ನಿಂತೇ ಇದ್ದ, ನಿಂತಿದ್ದು ತಪ್ಪೇನೋ ಎನಿಸಿ ಕೂತ, ಕೂತ ಕೂಡಲೇ ಅಕ್ಕ ನಿಂತಿದ್ದಾಳೆಂದು ಎದ್ದ. ಮೇಡಂ ಇದನ್ನೆಲ್ಲ ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ.

ಮೇಡಂ ಕೇಳುತ್ತಾ ಹೋದರು, ಅಕ್ಕ ಹೇಳುತ್ತಾ ಹೋದಳು. ಈ ಅಂಗಡಿ ಬಿಟ್ಟು ಅಲ್ಲಿಗೆ ಯಾಕೆ ಹೋಗಬೇಕು ಎಂದರೆ, ಇಲ್ಲಿ ಗಿರಾಕಿ ಬಟ್ಟೆ ಹಾಕಿ ನೋಡಲು ಜಾಗವಿಲ್ಲ, ಹೆಂಗಸರು ಆ ಸಂದಿನಲ್ಲಿ ಮೊಣಕೈ ಮಡಚಲಾಗದೆ ಒದ್ದಾಡುತ್ತಾರೆ ಎಂದಳು. ಅಷ್ಟು ಬಾಡಿಗೆ ಕಟ್ಟುವುದಕ್ಕಾಗುತ್ತಾ ಎಂದರೆ, ಎರಡು ಶಾಲೆಯವರು ಈ ವರ್ಷ ಕೇಳಿದ್ದರು, ಜಾಗವಿಲ್ಲ ಎಂದು ಬಿಟ್ಟುಕೊಟ್ಟೆ, ಆ ಎರಡು ಸಿಕ್ಕರೆ ಇನ್ನೊಂದು ಮಷೀನು ಹಾಕಿ ಕಟ್ಟಬಹುದು ಎಂದು ಒಂದು ಹಳೆಯ ಡೈರಿ ತೆಗೆದು ತೋರಿಸಿದಳು. ಆ ಮೂಲೆ ಮೆಟ್ಟಿಲ ಕೆಳಗಲ್ಲವೇ, ಸೂರು ಇಳಿಜಾರಲ್ಲವೇ ಎಂದರೆ, ಹೌದು ಮೇಡಂ, ಒಳಗೆ ಹೋದ ಹಾಗೆ ತಗ್ಗುತ್ತೆ, ಕೊನೆಯಲ್ಲಿ ನನ್ನ ಎದೆ ಮಟ್ಟಕ್ಕೆ ಬರುತ್ತೆ, ಅಲ್ಲಿ ಮಷೀನು ಇಡೋದು, ಮಷೀನಿಗೆ ಕೂತವರಿಗೆ ಎತ್ತರ ಯಾಕೆ ಬೇಕು, ನಿಲ್ಲೋರು ಗಿರಾಕಿಗಳು, ಅವರಿಗೆ ಮುಂದಿನ ಜಾಗ ಎಂದಳು. ಅವನು ಕೇಳುತ್ತಲೇ ಇದ್ದ. ಇವಳು ಯಾವಾಗ ಹೋಗಿ ನೋಡಿದಳು? ಎರಡು ಸಲ ಹೋಗಿದ್ದಳಂತೆ. ಕಾವಲಿನವನು ಮೊದಲ ದಿನ ಒಳಗೆ ಬಿಡಲಿಲ್ಲವಂತೆ. ತಮ್ಮನ ಹೆಸರು ಹೇಳಿದ್ದರೆ ಬಿಡುತ್ತಿದ್ದ, ಹೇಳದೆ ಮಾರನೆಯ ದಿನ ಅವನ ಹರಿದ ಕೋಟಿಗೆ ಜೇಬು ಹೊಲಿದುಕೊಟ್ಟು ಒಳಗೆ ಹೋಗಿದ್ದಳು. ಸಿಮೆಂಟಿನ ಧೂಳಿನಲ್ಲಿ, ಸರಳುಗಳ ನಡುವೆ, ಅಕ್ಕ ಒಬ್ಬಳೇ ಬಗ್ಗಿ ಮೆಟ್ಟಿಲ ಕೆಳಗಿನ ಎತ್ತರವನ್ನು ತನ್ನ ಎದೆಗೆ ಅಳತೆ ಹಿಡಿದದ್ದು ಅವನ ಕಣ್ಣಿಗೆ ಕಟ್ಟಿತು. ಮೇಲಿನ ನಾಲ್ಕನೇ ಮಹಡಿಯಲ್ಲಿ ಅವನು ಆ ದಿನ ಯಜಮಾನರ ಹಿಂದೆ ತಲೆಯಾಡಿಸುತ್ತಾ ನಿಂತಿದ್ದನೋ ಏನೋ. ತಾನು ಲೆಕ್ಕ ತುಂಬಿಸಲು ತಂದ ಕಾಗದವನ್ನು ಇವಳು ನಿಜವೆಂದು ನಂಬಿದ್ದಳು, ನಂಬಿ ಮನಸ್ಸಿನಲ್ಲಿ ಮಷೀನುಗಳನ್ನೂ ಇಟ್ಟುಬಿಟ್ಟಿದ್ದಳು.

ಮೇಡಂ ಪೆನ್ನು ಕೆಳಗಿಟ್ಟು, ಹಲ್ಲಿನ ಡಾಕ್ಟರಿಗೆ ನೀರಿನ ಪೈಪು ಎಲ್ಲಿ ಬರುತ್ತೆ ಅಂತ ಗೊತ್ತಿರಲಿಲ್ಲ ಎಂದು ಅವನ ಕಡೆ ತಿರುಗಿ ಹೇಳಿದರು. ಅದು ಹೊಗಳಿಕೆಯೇ, ಎಚ್ಚರಿಕೆಯೇ ತಿಳಿಯಲಿಲ್ಲ. ಆಮೇಲೆ ಅಕ್ಕನ ಬಳಿ ಪತ್ರದ ಪ್ರತಿ ಇದೆಯೇ ಎಂದು ಕೇಳಿದರು. ಅಕ್ಕ ದಾರದ ಉಂಡೆಗಳ ಡ್ರಾಯರು ಎಳೆದು, ನಾಲ್ಕು ಮಡಿಕೆ ಮಾಡಿಟ್ಟ ಹಾಳೆಯನ್ನು ತೆಗೆದುಕೊಟ್ಟಳು. ಅದನ್ನು ಅವನೇ ಕೊಟ್ಟು ಹೋಗಿದ್ದ, ನಿನ್ನ ಹತ್ತಿರವೂ ಒಂದಿರಲಿ ಎಂದು. ಮೇಡಂ ಅದನ್ನು ಬಿಡಿಸಿ, ಕೊನೆಯ ಸಾಲಿನ ಕೆಳಗೆ ಉಗುರು ಎಳೆಯುತ್ತಾ ಗಟ್ಟಿಯಾಗಿ ಓದಿದರು. ಸಂಸ್ಥೆಯ ಮಾಲೀಕರಿಗಾಗಲೀ ನೌಕರರಿಗಾಗಲೀ ನನಗೂ ಯಾವುದೇ ವಿಧವಾದ ಸಂಬಂಧ ಇರುವುದಿಲ್ಲ. ಇದನ್ನು ಓದಿದ್ದೀರಾ ಎಂದು ಕೇಳಿದರು.

"ಓದಿದೀನಿ" ಎಂದಳು ಅಕ್ಕ.

ಓದಿದ್ದಾಳೆ. ಯಾವಾಗ ಓದಿದಳು, ಅವನು ಹೋದ ಮೇಲೆ, ಅಂಗಡಿ ಮುಚ್ಚುವ ಮೊದಲು ಕೂತು ಓದಿದಳೋ? ಓದಿಯೂ ಫೋನು ಮಾಡಲಿಲ್ಲ. ಆಮೇಲೆ ಎರಡು ಸಲ ಮನೆಗೆ ಬಂದಿದ್ದಳು, ಮಗಳ ಜಾಕೆಟ್ಟಿನ ಝಿಪ್ಪು ಹಾಕಿಕೊಟ್ಟಿದ್ದಳು, ಟೀವಿ ನೋಡಿ ನಕ್ಕಿದ್ದಳು, ಹೋಗುವಾಗ ಬಾಗಿಲಲ್ಲಿ ಅವನ ಅಂಗಿಯ ಕಾಲರು ಸರಿಮಾಡಿದ್ದಳು. ಅಷ್ಟು ದಿನವೂ ಆ ಸಾಲು ಅವಳ ಡ್ರಾಯರಿನಲ್ಲಿ ಮಡಚಿಕೊಂಡು ಕೂತಿತ್ತು. ಅಂಗೈಯಲ್ಲಿ ಮುಚ್ಚಿದ್ದನ್ನು ತಾನೇ ಕೈಯಾರೆ ಅವಳಿಗೆ ಕೊಟ್ಟು ಬಂದಿದ್ದನಲ್ಲ!

ಮೇಡಂ ಕನ್ನಡಕ ತೆಗೆದು ಅಕ್ಕನ ಮುಖ ನೋಡಿದರು. ನಂತರ ಅವನ ಮುಖ ನೋಡಿದರು. ಇಬ್ಬರದೂ ಒಂದೇ ಮೂಗು ಎಂದು ಎಲ್ಲರೂ ಹೇಳುತ್ತಿದ್ದುದು ಅವನಿಗೆ ಆಗ ನೆನಪಾಗಿ, ಮೂಗನ್ನು ಮುಚ್ಚಿಕೊಳ್ಳಲು ಕೈ ಎತ್ತಿ, ಸುಮ್ಮನೆ ಉಜ್ಜಿಕೊಂಡ.

"ಹಾಗಾದ್ರೆ ಇವರು ನಿಮಗೆ ಏನಾಗಬೇಕು?" ಎಂದು ಮೇಡಂ ಕೇಳಿದರು.

ಅಕ್ಕ ಬಾಯಿ ತೆರೆದಳು. ಕೈ ತಾನಾಗಿಯೇ ಡಬ್ಬಿಗೆ ಹೋಗಿ ಒಂದು ಗುಂಡುಪಿನ್ನು ತೆಗೆದುಕೊಂಡಿತು, ಯಾವ ಬಟ್ಟೆಗೂ ಚುಚ್ಚದೆ ಹಿಡಿದುಕೊಂಡಿತು. ಹೊರಗೆ ಯಾರೋ ಸ್ಕೂಟರ್ ಒದ್ದು ಒದ್ದು ಸ್ಟಾರ್ಟು ಮಾಡುತ್ತಿದ್ದರು. ಅವಳ ಕಣ್ಣುಗಳು ಅವನ ಕಡೆ ಬಂದವು. ಬೇಡುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ, ಏನು ಹೇಳಲೋ ದೊರೆ, ನಿನಗೆ ಯಾವುದು ಅನುಕೂಲವೋ ಅದನ್ನೇ ಹೇಳ್ತೀನಿ ಎಂದು ಕೇಳುವ ಹಾಗಿದ್ದವು. ಅದನ್ನು ಅವನು ತಡೆಯಲಾರದೆ ಹೋದ. ಯಜಮಾನರು, ಐದನೆಯ ಮಹಡಿ, ಮೂರನೆಯ ಕಂತು, ನಲವತ್ತು ಬಿಂದು ಸೊನ್ನೆ ಸೊನ್ನೆ ಎಲ್ಲವೂ ತಲೆಯಲ್ಲಿ ಒಂದು ಸುತ್ತು ಸುತ್ತಿ ಎಲ್ಲಿಗೋ ಹೋದವು.

"ಅಕ್ಕ ಮೇಡಂ. ನನ್ನ ಸ್ವಂತ ಅಕ್ಕ. ಸಹಿ ಹಾಕೋವಾಗ ಆ ಸಾಲು ಇವಳಿಗೆ ಗೊತ್ತಿರಲಿಲ್ಲ. ನಾನೇ ಕೈ ಅಡ್ಡ ಇಟ್ಟು ಸಹಿ ಹಾಕಿಸ್ಕೊಂಡೆ" ಎಂದ.

ಹೇಳಿದ ಮೇಲೆ ಏನೋ ಆಗುತ್ತದೆಂದು ಕಾದ. ಏನೂ ಆಗಲಿಲ್ಲ. ಸ್ಕೂಟರು ಸ್ಟಾರ್ಟ್ ಆಗಿ ಹೊರಟುಹೋಯಿತು. ಬೇಕೆಂದೇ ಇಟ್ಟೆನೋ ಹಾಗೇ ಬಂತೋ ಎಂದು ಒಂದು ತಿಂಗಳು ವಾದ ಮಾಡಿಕೊಂಡದ್ದು ಎಷ್ಟು ಸುಲಭವಾಗಿ ಮುಗಿದಿತ್ತೆಂದರೆ ಅವನಿಗೆ ನಗುವೇ ಬಂತು. ಅಕ್ಕ ಒರೆಸಿಟ್ಟಿದ್ದ ಸ್ಟೂಲಿನ ಮೇಲೆ ಕೂತ. ಈ ಸಲ ಏಳಬೇಕೆನಿಸಲಿಲ್ಲ. ಬಹಳ ದಿನ ಬಿಗಿಯಾದ ಬೂಟು ಹಾಕಿಕೊಂಡಿದ್ದು ಕಳಚಿದ ಹಾಗೆ ಮೈಯೆಲ್ಲ ಸಡಿಲವಾಯಿತು. ನಾಳೆ ಕೆಲಸ ಹೋಗಬಹುದು, ಹೋಗಲಿ. ಐದನೆಯ ಮಹಡಿ ನಿಲ್ಲಬಹುದು, ನಿಲ್ಲಲಿ, ನಾಲ್ಕು ಮಹಡಿಯ ಕಟ್ಟಡಗಳಿಲ್ಲವೇ ಪ್ರಪಂಚದಲ್ಲಿ. ಗೋಡೆಯ ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದ ಪ್ಯಾಂಟುಗಳು ಅವನಿಗೆ ಬಹಳ ಚೆಂದ ಕಂಡವು.

ಮೇಡಂ ಸಿಟ್ಟಾಗಲಿಲ್ಲ. ಅವರು ಬಹಳ ಸಲ ಸಿಟ್ಟಾಗಿ ಮುಗಿಸಿದವರ ಹಾಗೆ ಕಾಣುತ್ತಿದ್ದರು. ದುಡ್ಡು ಬಿಟ್ಟ ಮೇಲೆ ಇದು ಗೊತ್ತಾಗಿದ್ದರೆ ಇಡೀ ಸಾಲವನ್ನೇ ವಾಪಸ್ಸು ಕೇಳುತ್ತಿದ್ದೆವು, ನಿಮ್ಮ ಮೇಲೂ ಇವರ ಮೇಲೂ ಕೇಸು ಆಗುತ್ತಿತ್ತು, ಸಹಿ ಇವರದಲ್ಲವೇ, ಎಂದು ಮೆಲ್ಲಗೆ ಹೇಳಿದರು. ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ಅಕ್ಕನ ಮೇಲೆ ಕೇಸು! ಅದು ತಪ್ಪಿತೆಂದು ತಿಳಿದ ಮೇಲೆ ಬಿಡುಗಡೆ ಇನ್ನೂ ಹೆಚ್ಚಾಯಿತು. ಈಗಿನ್ನೂ ಕಂತು ಬಿಟ್ಟಿಲ್ಲವಾದ್ದರಿಂದ ಪತ್ರ ಹಿಂದಕ್ಕೆ ತೆಗೆದುಕೊಂಡರೆ ಸಾಕು, ಇಲ್ಲೇ ಬರೆದುಕೊಡಿ, ಕಾರಣ ಸ್ಪಷ್ಟವಾಗಿರಲಿ ಎಂದರು. ಡಾಕ್ಟರ ಪತ್ರವನ್ನೂ ಮತ್ತೊಮ್ಮೆ ನೋಡಬೇಕಾಗುತ್ತದೆ, ಕಂತು ಇನ್ನು ಹದಿನೈದು ದಿನವಾದರೂ ತಡ ಎಂದೂ ಸೇರಿಸಿದರು.

ಅಕ್ಕ ಸಮವಸ್ತ್ರದ ರಾಶಿಯನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು ಅಂಗೈಯಿಂದ ಒರೆಸಿ, ಬಿಲ್ಲಿನ ಪುಸ್ತಕದ ಹಿಂದಿನಿಂದ ಒಂದು ಬಿಳಿ ಹಾಳೆ ಹರಿದುಕೊಟ್ಟಳು. ಅವನು ಎದ್ದು ನಿಂತು ಬರೆದ. ವರ್ಷಗಟ್ಟಲೆ ಬರೆದ ಅಭ್ಯಾಸ, ಕೈ ತಾನಾಗಿಯೇ ಓಡಿತು. ಸದರಿ ಪತ್ರಕ್ಕೆ ಸಹಿ ಮಾಡಿರುವವರು ನನ್ನ ಸ್ವಂತ ಅಕ್ಕನಾಗಿದ್ದು, ಈ ವಿಷಯವನ್ನು ನಾನು ತಮ್ಮ ಗಮನಕ್ಕೆ ತಾರದೆ. ಅಲ್ಲಿಗೆ ನಿಂತ. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಎಷ್ಟು ಸಾವಿರ ಹಾಳೆ ಬರೆದಿದ್ದ, ಯಾವುದರಲ್ಲೂ ಅಕ್ಕ ಎಂಬ ಪದ ಬಂದಿರಲಿಲ್ಲ. ಸದರಿ, ಮೇಲ್ಕಂಡ, ತತ್ಸಂಬಂಧ ಎಂಬ ಕೋಟು ತೊಟ್ಟ ಪದಗಳ ನಡುವೆ ಅದು ಮನೆಬಟ್ಟೆಯಲ್ಲಿ ಬಂದು ಕೂತಿತ್ತು. ಅವನು ಅದನ್ನು ಇನ್ನೊಂದು ಸಲ ಓದಿದ. ಮನಸ್ಸಿಗೆ ಎಷ್ಟು ಹಿತವಾಯಿತೆಂದರೆ, ಬೇಕಾಗಿರದಿದ್ದರೂ ಕೆಳಗೆ, ಅವರು ನನ್ನ ಅಕ್ಕನೆಂಬುದನ್ನು ಈ ಮೂಲಕ ದೃಢೀಕರಿಸುತ್ತೇನೆ ಎಂದು ಇನ್ನೊಂದು ಸಾಲು ಬರೆದ. ಮೇಡಂ ಓದಿ, ಒಂದು ಸಲ ಬರೆದರೆ ಸಾಕಿತ್ತು ಎಂದರು. ಇರಲಿ ಮೇಡಂ ಎಂದ.

ಹೋಗುವ ಮುಂಚೆ ಅಕ್ಕ, ಹಾಗಾದರೆ ಆ ಮೂಲೆ ನನಗೆ ಸಿಗೋದಿಲ್ಲವಾ ಎಂದು ಕೇಳಿದಳು. ಅವಳು ಕೇಳಿದ್ದು ಮೇಡಂ ಅವರನ್ನು, ಅವನನ್ನಲ್ಲ. ಮೇಡಂ ಬಾಗಿಲಲ್ಲಿ ತಿರುಗಿ ನಿಂತರು.

"ತಗೋಬೇಡಿ ಅಂತ ಯಾರಮ್ಮ ಹೇಳಿದ್ದು? ನಿಮ್ಮನ್ನ ನಾವು ಲೆಕ್ಕಕ್ಕೆ ಹಿಡಿಯಲ್ಲ, ಅಷ್ಟೇ. ಬಾಡಿಗೆ ಮಾತ್ರ ಚೌಕಾಸಿ ಮಾಡಿ. ಆ ಇಳಿಜಾರಿಗೆ ಪೂರ್ತಿ ನಾನೂರು ಅಡಿ ದುಡ್ಡು ಕೊಡಬೇಡಿ" ಎಂದರು.

ಕಾರು ಹೋಯಿತು. ಅವನು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಯಜಮಾನರಿಗೆ ಫೋನು ಮಾಡಿದ. ಅವರು ಮೊದಲು ಕೂಗಿದರು, ಆಮೇಲೆ ಇನ್ನೂ ಜೋರಾಗಿ ಕೂಗಿದರು, ಪತ್ರ ತಾ ಎಂದರೆ ಒಡಹುಟ್ಟಿದವಳನ್ನ ತರ್ತಾರೇನಯ್ಯಾ, ತಂದ ಮೇಲೆ ಬಾಯಿ ಮುಚ್ಚಿಕೊಂಡಾದರೂ ಇರ್ತಾರೇನಯ್ಯಾ ಎಂದರು. ಎರಡೂ ಸರಿಯಾದ ಪ್ರಶ್ನೆಗಳೇ ಎಂದು ಅವನಿಗನ್ನಿಸಿತು. ಹೌದು ಸಾರ್, ನನ್ನದೇ ತಪ್ಪು ಎಂದ. ಇಷ್ಟು ವರ್ಷ ಈ ಮಾತನ್ನು ಹೆದರಿ ಹೇಳುತ್ತಿದ್ದ, ಇವತ್ತು ನಿಜವಾಗಿದ್ದಕ್ಕೆ ಹೇಳಿದ. ಯಜಮಾನರು ದನಿ ತಗ್ಗಿಸಿದರು. ಕೇಸುಗೀಸು ಇಲ್ಲ ತಾನೇ ಎಂದರು. ಇಲ್ಲ ಎಂದ. ಸಾಲ ರದ್ದಾಗಿಲ್ಲ ತಾನೇ. ಇಲ್ಲ, ಹದಿನೈದು ದಿನ ತಡ. ನಾಳೆ ಬಂದು ನಿಜವಾದ ಗಿರಾಕಿ ಹುಡುಕು, ಮೆಟ್ಟಿಲ ಕೆಳಗಿನ ಆ ದರಿದ್ರ ಮೂಲೆ ನಿಮ್ಮಕ್ಕನಿಗೇ ಇರಲಿ, ಬೇರೆ ಯಾವ ಪುಣ್ಯಾತ್ಮ ಬರ್ತಾನೆ ಅಲ್ಲಿಗೆ ಎಂದು ಫೋನು ಕುಕ್ಕಿದರು. ಅವನು ಫೋನನ್ನು ಜೇಬಿಗೆ ಹಾಕಿಕೊಂಡು, ಎದುರಿನ ಬೀಗದವನಿಗೆ ಕೈ ಬೀಸಿದ. ಈಗ ಹುಷಾರಾಯ್ತಾ ಎಂದು ಬೀಗದವನು ಅಲ್ಲಿಂದಲೇ ಕೇಳಿದ. ಆಯ್ತು ಎಂದ.

ಒಳಗೆ ಬಂದಾಗ ಅಕ್ಕ ಮಷೀನಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದಳು. ಮುಖ ಊದಿಸಿಕೊಂಡಿದ್ದಳು. ಅವನು ಸ್ಟೂಲಿನ ಮೇಲೆ ಕೂತು, ಬೈಗುಳಕ್ಕೆ ತಯಾರಾದ. ಬೈಯಲಿ, ಎಷ್ಟು ಬೇಕಾದರೂ ಬೈಯಲಿ, ಆ ಅಂಗೈಗೆ ಎರಡು ಕೊಟ್ಟರೂ ತಿನ್ನುತ್ತೇನೆ ಎಂದುಕೊಂಡ. ಅವಳು ಸೂಜಿಗೆ ದಾರ ಪೋಣಿಸಲು ನೋಡಿ, ಆಗದೆ, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡಳು.

"ಯಾಕೋ ಅಷ್ಟು ಅವಸರ ಮಾಡ್ದೆ? ನಾನೇ ಹೇಳ್ತಿದ್ನಲ್ಲ" ಎಂದಳು.

"ಏನಂತ ಹೇಳ್ತಿದ್ದೆ?"

"ಇವರು ನಂಗೇನೂ ಆಗ್ಬೇಕಾಗಿಲ್ಲ ಅಂತ. ನೀನು ಫೋನ್ ಇಟ್ಟಾಗಿಂದ ಆ ಕನ್ನಡಿ ಮುಂದೆ ನಿಂತು ಅದೇ ಕೆಲಸ. ಗಿರಾಕಿ ಬಂದ್ರೂ ನಿಲ್ಲಿಸ್ಲಿಲ್ಲ."

"ಬಂತಾ?"

ಅಕ್ಕ ಪೋಣಿಸಿದ ದಾರವನ್ನು ಎಳೆದು, ಹಲ್ಲಿನಲ್ಲಿ ಕಡಿದಳು.

"ಎಲ್ಲಿ ಬರುತ್ತೆ. ಎಂಟು ಸಲ ಹೇಳ್ದೆ. ಎಂಟು ಸಲಾನೂ ಕೊನೇಲಿ ನನ್ನ ತಮ್ಮ ಅಂತಾನೇ ಬಂತು. ಕೈ ಸಹಿ ಹಾಕ್ಬಿಡ್ತು ಕಣೋ, ಈ ಹಾಳು ಬಾಯಿ ಕೇಳ್ಲಿಲ್ಲ."

ಅವನು ಮೇಜಿನ ಮೇಲಿದ್ದ ಯಾವುದೋ ಬಟ್ಟೆಯನ್ನು ಎಳೆದುಕೊಂಡು ಮುಖಕ್ಕೆ ಹಿಡಿದುಕೊಂಡ. ಭುಜ ಕುಲುಕುತ್ತಿತ್ತು, ಇದು ನಗುವೇ ಎಂದು ಮೊದಲು ಅವನಿಗೇ ಅನ್ನಿಸಿತು, ಆಮೇಲೆ ಬಟ್ಟೆ ಒದ್ದೆಯಾಯಿತು. ಅಕ್ಕ ಕೈ ಚಾಚಿ ಅದನ್ನು ಕಿತ್ತುಕೊಂಡಳು.

"ಅಳೋದಾದ್ರೆ ನಿನ್ನ ಕರ್ಚೀಫ್ ತಗೊಂಡು ಅಳು ದೊರೆ. ಇದು ಗಿರಾಕಿದು, ಸಂಜೆ ಕೊಡ್ಬೇ­ಕು."